ಸ್ಟೂಲಿನಿಂದ ಬೀಳುವ ವಿದ್ಯೆ

ತುಂಗಭದ್ರೆಯ ದಂಡೆಗೆ ಒಂದು ಹಳೆಯ ಮಠ. ಅದರ ಹಿಂದಿನ ಕೋಣೆಯಲ್ಲಿ ಫಕೀರಪ್ಪ ಮಾಸ್ತರರು ಇದ್ದರು. ಒಂದು ಕಾಲಕ್ಕೆ ಸಿನಿಮಾವೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತ ನುಡಿಸುತ್ತಲೇ ಸ್ಟೂಲಿನಿಂದ ಬಿದ್ದು, ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದವರು. ಈಗ ಅವರ ಹೆಸರು ಹೇಳಿದರೆ ಯಾರೂ ತಲೆ ಎತ್ತುವುದಿಲ್ಲ.

ಸುವರ್ಣಾ ಆ ಸಿನಿಮಾವನ್ನು ಮೊಬೈಲಿನಲ್ಲಿ ಕಂಡದ್ದು ಅವ್ವ ತೀರಿಕೊಂಡ ವರ್ಷ. ಆರು ತಿಂಗಳಲ್ಲಿ ಮೊದಲ ಸಲ ನಕ್ಕಳು. ಈ ಮನುಷ್ಯ ಇನ್ನೂ ಇದ್ದಾನೆಂದು ತಿಳಿದದ್ದೇ ತಡ, ಹುಡುಕಿಕೊಂಡು ಬಂದು ಶಿಷ್ಯೆಯಾದಳು. ಅವರಿಗಿದ್ದವಳು ಅವಳೊಬ್ಬಳೇ.

ಎರಡು ವರ್ಷ ಕಳೆಯಿತು. ಹಾರ್ಮೋನಿಯಂ ಕೈಗೆ ಹತ್ತಿತು, ಬೀಳುವುದು ಹತ್ತಲಿಲ್ಲ. ಮಾಸ್ತರರ ಸೊಂಟ ಮುರಿದಿತ್ತು, ಬಿದ್ದು ತೋರಿಸುವಂತಿರಲಿಲ್ಲ. ಅವಳು ಸಿನಿಮಾ ನೋಡಿ ನೋಡಿಯೇ ಬೀಳುವುದನ್ನು ರೂಢಿ ಮಾಡಿಕೊಂಡು, ಊರೂರಿನ ಸ್ಟೇಜಿನ ಮೇಲೆ ಆಡಿ ತೋರಿಸತೊಡಗಿದಳು.

ಒಂದು ಮುಂಜಾನೆ ಬಂದು ಅವರ ಮುಂದೆ ಕುಸಿದು ಕೂತಳು.

“ಮಾಸ್ತರ್ರ, ನಿನ್ನಿಗೆ ಹನ್ನೊಂದು ಆಟ ಆತು. ಒಬ್ರೂ ನಗಲಿಲ್ರಿ.”

“ಸುಮ್ನ ಕುಂತಿದ್ರು?”

“ಒಬ್ಬಾಕಿ ಮುದುಕಿ ಸ್ಟೇಜ್ ತನಕಾ ಬಂದು, ‘ಪೆಟ್ಟಾತೇನವಾ’ ಅಂತ ಕೇಳಿದ್ಲು.”

ಮಾಸ್ತರರು ಕಣ್ಣು ಮುಚ್ಚಿದರು. ಜನ ಕಲ್ಲು ಹೊಡೆದಿದ್ದರೂ ಅವರಿಗೆ ಅಷ್ಟು ನೋಯುತ್ತಿರಲಿಲ್ಲ.

“ನನ್ನ ಕೈಲೆ ಆಗಂಗಿಲ್ರಿ. ನಾ ಬಿಟ್ರ ಈ ವಿದ್ಯಾ ನಿಮ್ಮ ಜೋಡೀನ ಹೋಗ್ತೈತಿ ಅಂತ ಗೊತ್ತೈತಿ. ಆದ್ರೂ ಸಾಕ್ರಿ.”

“ಬಿದ್ದು ತೋರ್ಸು.”

ಕೋಣೆಯಲ್ಲಿ ಕಾಲು ಸಡಿಲಾದ ಸ್ಟೂಲೊಂದಿತ್ತು. ಅದರ ಮೇಲೆ ಕೂತು ಹಾರ್ಮೋನಿಯಂ ನುಡಿಸತೊಡಗಿದಳು. ಮೂರನೇ ಸಾಲಿಗೆ ಸ್ಟೂಲಿನ ಕಾಲು ಜಾರಿತು. ಕಣ್ಣು ಪಿಳುಕಿಸುವಷ್ಟರಲ್ಲಿ ಅವಳು ನೆಲದ ಮೇಲಿದ್ದಳು.

“ನಡುವಿಂದು ಎಲ್ಲೈತಿ?” ಎಂದರು ಮಾಸ್ತರರು.

“ಯಾವ ನಡುವಿಂದ್ರಿ?”

“ಕುಂತಿದ್ದಿ. ಆಮ್ಯಾಲ ಬಿದ್ದಿದ್ದಿ. ನಡುವ ಬೀಳೂದು ಅಂತ ಒಂದು ಇರತೈತಲ್ಲ?”

ಅವಳು ಮೊಬೈಲು ತೆಗೆದು ಅವರ ಮುಂದೆ ಹಿಡಿದಳು. ತೆರೆಯ ಮೇಲೆ ಹರೆಯದ ಫಕೀರಪ್ಪ ಸ್ಟೂಲಿನ ಮೇಲಿದ್ದ. ಚಿತ್ರ ಒಮ್ಮೆ ಜಿಗಿಯಿತು. ಫಕೀರಪ್ಪ ನೆಲದ ಮೇಲಿದ್ದ.

“ಹಿಂಗ ಐತಲ್ರಿ. ಇಷ್ಟ ಚುರುಕ.”

ಮಾಸ್ತರರು ಬಹಳ ಹೊತ್ತು ತಮ್ಮ ಹಳೆಯ ಮುಖವನ್ನೇ ನೋಡಿದರು.

“ತಂಗಿ, ಅಲ್ಲಿ ರೀಲು ಹರದೈತಿ. ಟಾಕೀಸಿನವ್ರು ಕತ್ತರಿಸಿ ಅಂಟಿಸ್ಯಾರ. ಎರಡು ವರ್ಷ ನೀ ಕಲ್ತದ್ದು ನಾ ಬೀಳೂದನ್ನಲ್ಲ, ಅವರ ಕತ್ತರೀನ.”

ಸುವರ್ಣಾಗೆ ಅಳು ತಡೆಯಲಾಗಲಿಲ್ಲ. ಎರಡು ವರ್ಷ, ಹನ್ನೊಂದು ಆಟ, ಕಂದುಗಟ್ಟಿದ ಮೊಣಕಾಲು, ಎಲ್ಲ ನೀರಿಗೆ ಹಾಕಿದಂತಾಯಿತು.

“ಹರೀಲಾರದ ರೀಲು ಎಲ್ಲೆರ ಇದ್ದೀತಲ್ರಿ?”

“ಇಲ್ಲ. ಎಲ್ಲಾ ಹುಡುಕಿಸೀನಿ.”

“ಅವತ್ತು ಶೂಟಿಂಗ್‌ದಾಗ ನೋಡಿದವ್ರು?”

“ಎಲ್ಲಾರೂ ಹೋದ್ರು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ನೀವರ ಇದ್ದೀರಲ್ರಿ. ಆ ನಡುವ ಏನಿತ್ತು? ಅಷ್ಟರ ಹೇಳಿಬಿಡ್ರಿ.”

ಮಾಸ್ತರರು ಬಿದ್ದಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದರು. ಹೆಗಲ ಮೇಲಿನ ಟವೆಲ್ಲಿನಿಂದ ಅದರ ಧೂಳು ಒರೆಸಿ, ಮೆಲ್ಲಗೆ ಅವಳ ಕಡೆ ಸರಿಸಿದರು.

“ನನಗೇನು ಗೊತ್ತು? ಬೀಳತಿದ್ದಾಂವ ನಾನು. ನೋಡಾಕ ಎಲ್ಲಿ ಪುರುಸೊತ್ತಿತ್ತು?”