ಹ್ಯಾಂಡ್‌ಬ್ರೇಕಿನ ಹಂಬಲ

ಹಿಮ ಬೀಳೋ ಒಂದು ಬೆಟ್ಟದೂರಲ್ಲಿ ಯಾಂಗ್ಚೆನ್ ಅಂತ ಒಬ್ಬ ನರ್ಸಮ್ಮ ಇದ್ದಳು. ಹೆರಿಗೆ ಮಾಡಿಸೋಕೆ ಹಳೇ ಕಾರಿನಲ್ಲಿ ಊರೂರು ತಿರುಗೋಳು. ಬೇಸಿಗೆಯಲ್ಲಿ ಕಾರು ನಿಲ್ಲಿಸಿದಾಗೆಲ್ಲ ಹ್ಯಾಂಡ್‌ಬ್ರೇಕನ್ನು ಎಳೆದಿಡೋಳು. ಚಳಿಗಾಲದಲ್ಲಿ ಮಾತ್ರ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಕಾರನ್ನು ಒಂದನೇ ಗೇರಿನಲ್ಲಿ ಬಿಟ್ಟು, ಚಕ್ರಕ್ಕೊಂದು ಕಲ್ಲು ಕೊಟ್ಟು ಹೋಗೋಳು.

ಹೀಗೇ ನಾಲ್ಕು ತಿಂಗಳಾಯಿತು. ಹ್ಯಾಂಡ್‌ಬ್ರೇಕು ಗೇರಿನ ಹತ್ತಿರ ಬೇಡಿಕೊಂಡಿತು: “ಅಕ್ಕಾ, ಅವಳ ಕೈಯ ಬಿಸಿ ಮರೆತೇ ಹೋಗಿದೆ. ಇವತ್ತೊಂದು ಸಂಜೆ ನೀನು ಜಾರಿಕೋ, ಅವಳು ನನ್ನ ಹಿಡೀಲಿ.”

“ಈ ಚಳಿಯಲ್ಲಿ ನೀನು ಚಕ್ರ ಹಿಡಿದರೆ ಹೆಪ್ಪುಗಟ್ಟಿಬಿಡ್ತೀಯ ಕಣೋ. ಅದಕ್ಕೇ ಅವಳು ಮುಟ್ಟಲ್ಲ,” ಅಂದಿತು ಗೇರು.

“ನಾನು ಅಷ್ಟು ದಡ್ಡನಾ? ಬಿಡು ಅಂದಾಗ ಬಿಡ್ತೀನಿ.”

ಗೇರಿಗೆ ಪಾಪ ಅನ್ನಿಸಿತು. ಆ ಸಂಜೆ ಯಾಂಗ್ಚೆನ್ ಎಷ್ಟು ಸಲ ಹಾಕಿದರೂ ಅದು ಜಾರಿಬಿಟ್ಟಿತು. ಇಳಿಜಾರಿನಲ್ಲಿ ಬರೀ ಕಲ್ಲನ್ನು ನಂಬೋಕಾಗದೆ ಅವಳು ಹ್ಯಾಂಡ್‌ಬ್ರೇಕನ್ನು ಎಳೆದಳು. ಆ ಸಂತೋಷಕ್ಕೆ ಅದು ಚಕ್ರವನ್ನು ಅಪ್ಪಿಕೊಂಡು ಮಲಗಿತು.

ಬೆಳಿಗ್ಗೆ ಮೇಲಿನೂರಿನಿಂದ ಹೆರಿಗೆಗೆ ಕರೆ ಬಂತು. ಅವಳು ಬ್ರೇಕಿನ ಹಿಡಿ ಕೆಳಗಿಳಿಸಿದಳು, ಚಕ್ರ ತಿರುಗಲಿಲ್ಲ.

“ಬಿಡೋ ಮಾರಾಯ, ಅಲ್ಲೊಬ್ಬಳು ನೋವು ತಿಂತಿದ್ದಾಳೆ,” ಅಂದಿತು ಗೇರು.

“ಬಿಡಬೇಕು ಅಂತಲೇ ಇದೀನಿ ಅಕ್ಕಾ, ಬಿಡೋಕೆ ಬರ್ತಿಲ್ಲ.”

ಯಾಂಗ್ಚೆನ್ ಇನ್ನು ಕಾಯಲಿಲ್ಲ. ಚೀಲ ಹೆಗಲಿಗೇರಿಸಿ, ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ಹಿಮದಲ್ಲಿ ನಡೆದೇ ಹೋದಳು.

ಮಧ್ಯಾಹ್ನದ ಬಿಸಿಲಿಗೆ ಹಿಡಿತ ತಾನಾಗೇ ಸಡಿಲವಾಯಿತು.

“ಅಕ್ಕಾ, ಈಗ ಬಿಟ್ಟೆ,” ಅಂದಿತು ಹ್ಯಾಂಡ್‌ಬ್ರೇಕು.

“ಯಾರಿಗೆ ಹೇಳ್ತೀಯಪ್ಪಾ,” ಅಂದಿತು ಗೇರು, “ಅವಳು ಆಗಲೇ ಬೆಟ್ಟ ದಾಟಿದಳು.”