ಸೀಟಿನಡಿಯ ದೋಷ

ಸಿಹಿ ಮುಟ್ಟಕೂಡದೆಂದು ಹೆಂಡತಿಯಿಂದ ಕಟ್ಟಪ್ಪಣೆ ಪಡೆದಿದ್ದ ಸಾಹೇಬರೊಬ್ಬರಿದ್ದರು. ಸ್ವಿಚ್ ಒತ್ತಿದರೆ ಜರುಗುವ ಅವರ ಕಾರಿನ ಮುಂದಿನ ಸೀಟು ಒಂದು ದಿನ ಅವರು ಕೂತಿದ್ದಾಗಲೇ ಮುಂದಕ್ಕೆ ಸರಿದು ಅಲ್ಲೇ ನಿಂತಿತು. ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡಿತು.

"ವೈರು ಕಿತ್ತವನು ನೀನೇ. ಇವತ್ತೇ ಕೆಲಸ ಬಿಟ್ಟು ಹೋಗು!" ಎಂದು ಡ್ರೈವರನ ಮೇಲೆ ಗುಡುಗಿದರು.

"ಮೊದಲು ನೋಡ್ಲಿ ಬಿಡಿ" ಎಂದರು ಹಿಂದೆ ಕುಳಿತಿದ್ದ ಹೆಂಡತಿ.

ಡ್ರೈವರ್ ಇಳಿದು ಬಂದು, ಬಗ್ಗಿ, ಸೀಟಿನಡಿ ಕೈಹಾಕಿದ. ಸಾಹೇಬರು ಬಚ್ಚಿಟ್ಟಿದ್ದ ಮೈಸೂರುಪಾಕಿನ ಡಬ್ಬಿ ತಗುಲಿ ವೈರಿನ ಪ್ಲಗ್ಗು ಕಳಚಿತ್ತು.

"ದೋಷ ಸಿಕ್ಕಿತು ಸಾರ್. ಹೊರಗೆ ತೆಗೆದು ಅಮ್ಮಾವ್ರಿಗೆ ತೋರಿಸ್ಲಾ?"

ಸಾಹೇಬರ ಮುಖ ಬಿಳಿಚಿತು. "ಬೇಡಪ್ಪಾ, ಅಲ್ಲೇ ಸರಿಮಾಡು! ನಿನ್ನಂಥ ಡ್ರೈವರ್ ಇನ್ನೆಲ್ಲಿ ಸಿಗ್ತಾನೆ?"

ಸೀಟು ಬೇಗನೆ ಹಿಂದಕ್ಕೆ ಸರಿಯಿತು. ಆದರೂ ಡ್ರೈವರ್ ಬಹಳ ಹೊತ್ತು ಬಗ್ಗಿಯೇ ಇದ್ದ.

"ಏನಾಗಿತ್ತಪ್ಪಾ?" ಎಂದು ಅಮ್ಮಾವ್ರು ಕೇಳಿದರು.

ಬಾಯಿ ತುಂಬಿದ್ದರಿಂದ, ಎಲ್ಲ ಸರಿಹೋಯಿತೆಂದು ಅವನು ಕೈಸನ್ನೆ ಮಾಡಿದ. ಸಾಹೇಬರು ಬರೀ ಉಗುಳು ನುಂಗಿದರು.