ಮೊದಲ ಬುಟ್ಟಿ

ಈ ಕತೆ ಹೇಳೋಕೆ ನನಗೇ ನಾಚಿಕೆ. ಯಾಕಂದ್ರೆ ಇದರಲ್ಲಿ ಪೆದ್ದನಾದವನು ನಾನೇ.

ಮಾಲೂರಿನ ಹತ್ತಿರ ನನ್ನದೊಂದು ಸೌತೆಕಾಯಿ ತೋಟ. ಯಾವ ಕೊಯ್ಲಾದರೂ ಮೊದಲ ಬುಟ್ಟಿ ನಮ್ಮ ಮನೆಗೇ ಬರಬೇಕು ಅನ್ನೋದು ನಾನು ಮಾಡಿದ ಪದ್ಧತಿ.

ಸೋಮವಾರ ಹುಳಕ್ಕೆ ಔಷಧಿ ಹೊಡೆಸಿದ್ದೆ. ಏಳು ದಿನ ಕಾಯಿ ಕೀಳಬಾರದು ಅಂತ ಡಬ್ಬಿಯ ಮೇಲೇ ಬರೆದಿತ್ತು. ಬುಧವಾರವೇ ಕಾಯಿ ಕೊಳ್ಳೋ ಅಂಗಡಿಯವರ ಲಾರಿ ಬಂದು ನಿಂತಿತು. ಕೊಯ್ಲು, ಪ್ಯಾಕಿಂಗ್ ನೋಡಿಕೊಳ್ಳುವ ಅಶ್ವತ್ಥಮ್ಮನಿಗೆ, "ಕೀಳು, ತೊಳಿ, ತುಂಬಿಸು" ಅಂತ ಅಬ್ಬರಿಸಿದೆ.

"ಇನ್ನೂ ಐದು ದಿನ ಇದೆಯಲ್ಲ, ಯಜಮಾನ್ರೇ?"

"ತೋಟ ನಿಂದೋ ನಂದೋ?"

ಆಕೆ ಬುಟ್ಟಿ ಎತ್ತಿಕೊಂಡು ಹೋದಳು. ಅರ್ಧ ಗಂಟೆ ಬಿಟ್ಟು ಬಂದು, "ಮೊದಲ ಬುಟ್ಟಿ ನಿಮ್ಮನೆಗೆ ಕಳಿಸಿದೀನಿ. ಅಮ್ಮಾವ್ರು ಕೋಸಂಬರಿಗೆ ಹೆಚ್ತಾ ಇರಬೇಕು" ಅಂದಳು.

ಚಪ್ಪಲಿ ಬಿಟ್ಟು ಓಡಿದೆ. ಬದುವಿನ ಮೇಲೆ ಎರಡು ಸಲ ಬಿದ್ದೆ. ಆಳುಗಳೆಲ್ಲ ನೋಡಿದರು. ಮನೆಗೆ ನುಗ್ಗಿ ಮೊಮ್ಮಗಳ ಕೈಲಿದ್ದ ಹೋಳು ಕಿತ್ತು ಎಸೆದೆ. ಮಗು ಕಿಟಾರನೆ ಕಿರುಚಿತು.

ಹಿಂದೆಯೇ ಬಂದ ಅಶ್ವತ್ಥಮ್ಮ ಬಾಗಿಲಲ್ಲಿ ನಿಂತು, "ಮಗೂನ ಅಳಿಸಬೇಡಿ. ಅದು ನಮ್ಮ ಹಿತ್ತಲ ಬಳ್ಳೀದು, ಔಷಧಿ ಸೋಕಿಲ್ಲ. ತೋಟದಲ್ಲಿ ಇನ್ನೂ ಒಂದು ಕಾಯೂ ಕಿತ್ತಿಲ್ಲ. ಹೂಂ ಅಂದ್ರೆ ಈಗಲೇ ಕೀಳಿಸ್ತೀನಿ. ಆದರೆ ಲಾರಿಯ ಮುನ್ನೂರು ಕ್ರೇಟು ಹೋಗೋ ಮನೆಗಳಿಗೆಲ್ಲ ಹಿಂಗೆ ಯಾರು ಓಡ್ತಾರೆ?" ಅಂದಳು.

ನಾನೇ ಹೋಗಿ ಲಾರಿಯವನಿಗೆ ಈಗ ಕಾಯಿ ಇಲ್ಲ ಅಂದೆ. ಲಾರಿ ಖಾಲಿ ಹೋಯಿತು.

ಮುಂದಿನ ಸೋಮವಾರ ಕಿತ್ತ ಮೊದಲ ಬುಟ್ಟಿಯನ್ನು ನಾನೇ ಹೊತ್ತು ಅಶ್ವತ್ಥಮ್ಮನ ಮನೆಗೆ ಒಯ್ದೆ. ಆಕೆ ನನ್ನ ಎದುರಿಗೇ ಬೆರಳು ಮಡಚಿ, ಏಳು ದಿನ ಎಣಿಸಿಕೊಂಡ ಮೇಲೇ ಬುಟ್ಟಿ ಇಳಿಸಿಕೊಂಡಳು.